ಸರ್ವೆ ಮಾಡಿದರೆ ಮಳೆಗಾಲದಲ್ಲೇ ಮಾಡಬೇಕು

ನಾನು ಶಿರಸಿ ತಾಲೂಕಿನ ಒಂದು ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ, ಅಂದರೆ ವಿಆರ್‌ಡಬ್ಲ್ಯೂ. ಅಂಗವಿಕಲರ ಮನೆಮನೆ ಸರ್ವೆ ಬೇರೆ ಥರ ಮಾಡುತ್ತೇನೆ ಅಂದಾಗ ಪಿಡಿಒ ನಕ್ಕರು. "ಅಲ್ಲ ಮಾರಾಯಾ, ಊರಿಗೆ ಊರೇ ಪಿಂಚಣಿ ಕೇಳಿಕೊಂಡು ಬರುತ್ತದೆ."

ಹಳೇ ಪಟ್ಟಿಯಲ್ಲಿ 4 ಸಾವಿರ ಚಿಲ್ಲರೆ ಜನರಿಗೆ 40 ಹೆಸರಿತ್ತು. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರ ಪ್ರಮಾಣ ಶೇ.2.21, ಅದನ್ನು ಹಿಡಿದರೂ 90ರ ಹತ್ತಿರ ಬರಬೇಕಿತ್ತು, ಅಲ್ವಾ? "ಅಂಗವಿಕಲರು ಇದ್ದಾರಾ" ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ಮದುವೆಗೆ ಹುಡುಗಿ ಇರುವ ಮನೆಯಲ್ಲಂತೂ ಇಲ್ಲವೇ ಇಲ್ಲ. ಹಾಗಾಗಿ ಅಂಗವೈಕಲ್ಯ ಅಳೆಯುವ ಪ್ರಶ್ನೆ ರೂಪಿಸಿದ ಅಂತರರಾಷ್ಟ್ರೀಯ ತಂಡ ವಾಷಿಂಗ್ಟನ್ ಗ್ರೂಪ್‌ನ ಆರು ಪ್ರಶ್ನೆ ಹಿಡಿದೆ: ನೋಡುವುದು, ಕೇಳುವುದು, ನಡೆಯುವುದು, ನೆನಪು, ಸ್ನಾನ-ಬಟ್ಟೆ, ಮಾತು. "ತುಂಬಾ ತೊಂದರೆ" ಅಥವಾ "ಆಗುವುದೇ ಇಲ್ಲ" ಅಂದರೆ ಮಾತ್ರ ಲೆಕ್ಕಕ್ಕೆ.

ಬೇಸಿಗೆಯಲ್ಲಿ ಒಂದು ಮಜರೆ ಮಾಡಿ ನೋಡಿದೆ. ಸುಮ್ನೆ ಓಡಾಟ. ಎಲ್ಲರೂ ತೋಟದಲ್ಲಿ, ಅತ್ತೆಯ ಉತ್ತರ ಸೊಸೆಯೇ ಹೇಳುತ್ತಾಳೆ. ನಡೆಯಲು ತೊಂದರೆ? ಏನಿಲ್ಲ. ಹಳ್ಳ ಒಣಗಿರುತ್ತದೆ, ಯಾರು ಬೇಕಾದರೂ ದಾಟುತ್ತಾರೆ. ಜುಲೈನಲ್ಲಿ ಅದೇ ಮನೆಗೆ ಹೋದರೆ ಅಜ್ಜಿ ಜಗುಲಿ ಇಳಿದು ತಿಂಗಳಾಗಿತ್ತು. ಮನೆಯೆದುರು ಎರಡು ಅಡಿಕೆ ಮರದ ಕಾಲುಸಂಕ, ಮೇಲೆ ಪಾಚಿ, ಹಿಡಿಯಲು ಏನೂ ಇಲ್ಲ.

ಆ ಮಳೆಗಾಲದಲ್ಲಿ ಪಟ್ಟಿ 110 ದಾಟಿತು. ಅಡಿಕೆ ಕೊನೆ ಕೊಯ್ಯಲು ಮರ ಹತ್ತಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರೇ ನಾಲ್ಕೈದು ಜನ. ಒಬ್ಬರ ಹೆಸರೂ ಹಳೇ ಪಟ್ಟಿಯಲ್ಲಿ ಇರಲಿಲ್ಲ. ಸೊಸೆಯನ್ನು ಒಳಗೆ ಕಳಿಸಿ ಅತ್ತೆಯ ಬಾಯಿಂದಲೇ ಉತ್ತರ ಹೊರಡಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಪಿಡಿಒ ಒಪ್ಪಿದ್ದು ಪಟ್ಟಿಯನ್ನು ಎರಡು ಮಾಡಿದ ಮೇಲೆ. ಒಂದು ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಚೀಟಿ, ಪಿಂಚಣಿಗೆ. ಪಿಂಚಣಿಗೆ ಕನಿಷ್ಠ ಶೇ.40 ಅಂಗವೈಕಲ್ಯ ಅಂತ ಡಾಕ್ಟರು ಬರೆದುಕೊಡಲೇಬೇಕು. ಇನ್ನೊಂದು ದಾರಿ, ಸಂಕ, ಶಾಲೆಗೆ. ಅದರಲ್ಲಿ ಹೆಸರೇ ಇಲ್ಲ, ಮಜರೆವಾರು ಲೆಕ್ಕ ಅಷ್ಟೇ. ಗ್ರಾಮಸಭೆಯಲ್ಲಿ ಓದಿದಾಗ ಯಾರಿಗೂ ಮುಜುಗರ ಆಗಲಿಲ್ಲ. ಪಂಚಾಯಿತಿ ಅಂಗವಿಕಲರಿಗೆಂದು ಮೀಸಲಿಡುವ ಶೇ.5ರ ಅನುದಾನ ಆ ವರ್ಷ 60 ಸಾವಿರದ ಆಸುಪಾಸು. ಹಿಂದೆಲ್ಲ ಮಾರ್ಚ್‌ನಲ್ಲಿ ಹಂಚಿ ಕೈತೊಳೆದುಕೊಳ್ಳುತ್ತಿದ್ದ ದುಡ್ಡು ಅದು.

ಅರ್ಧದಷ್ಟನ್ನು ಶಾಲೆಯ ರ‍್ಯಾಂಪೇ ನುಂಗಿತು. ಒಂದೂವರೆ ಅಡಿ ಎತ್ತರಕ್ಕೆ ಮೊದಲು ಆರೇ ಅಡಿ ಉದ್ದ ಕಟ್ಟಿಟ್ಟಿದ್ದರು. ಗಾಲಿಕುರ್ಚಿ ತಳ್ಳಿದರೆ ಹಿಂದಕ್ಕೇ ಬರುತ್ತಿತ್ತು. ಒಂದಕ್ಕೆ ಹನ್ನೆರಡರಂತೆ 18 ಅಡಿ ಬೇಕು, ಅಂಗಳದಲ್ಲಿ ಜಾಗ ಇಲ್ಲ. ನಡುವೆ ತಿರುವು ಕೊಟ್ಟು ಕಟ್ಟಿಸಿದೆ. ಗಾರೆಯವರು ನುಣ್ಣಗೆ ತಿಕ್ಕಿಟ್ಟರು, ಆಗಸ್ಟ್‌ಗೆ ಪಾಚಿ ಕಟ್ಟಿತು. ಮತ್ತೆ ಕೆತ್ತಿಸಿ ಸಿಮೆಂಟು ಹಾಕಿ, ಹಸಿ ಇರುವಾಗಲೇ ತೆಂಗಿನಕಡ್ಡಿ ಪೊರಕೆಯಲ್ಲಿ ಅಡ್ಡಗೆರೆ ಎಳೆಸಿದೆ. ಈಗ ಜಾರುವುದಿಲ್ಲ.

ಸಂಕಕ್ಕೆ ಜಿಐ ಪೈಪಿನ ಹಿಡಿಕೆಗೆ ಒಂದೊಂದಕ್ಕೆ 12 ಸಾವಿರ ಅಂದರು. ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿಸಿದರೆ ಕೂಲಿ ಸೇರಿ ಸಾವಿರದೈನೂರು. ಎರಡನೇ ಮಳೆಗಾಲಕ್ಕೆ ಕೊಳೆಯುತ್ತದೆ ನಿಜ, ಆದರೆ ದಬ್ಬೆ ತೋಟದ್ದೇ, ಬದಲಿಸಿದರಾಯಿತು. ಅಂಕೋಲಾ ಕಡೆಯ ಗೆಳೆಯ ಪೈಪನ್ನೇ ಹಾಕಿಸಿದ, ಉಪ್ಪುಗಾಳಿಗೆ ವೆಲ್ಡಿಂಗ್ ಮಾಡಿದಲ್ಲೆಲ್ಲ ತುಕ್ಕು. ಕಣ್ಣು ಮಂಜಾದವರಿಗೆಂದು ಮೆಟ್ಟಿಲಂಚಿಗೆ ಹಳದಿ ಬಣ್ಣವನ್ನೂ ಬಳಿಸಿ ನೋಡಿದೆ. 600 ರೂಪಾಯಿ ಕೆಲಸ, ಎಲ್ಲರೂ ಮೆಚ್ಚಿದ್ದು ಅದನ್ನೇ.

ಪಕ್ಕದ ಪಂಚಾಯಿತಿಯವರು ಈಗ ಫಾರ್ಮ್ ಕೇಳುತ್ತಿದ್ದಾರೆ. ಕೊಟ್ಟೆ, ಜುಲೈನಲ್ಲಿ ಮಾಡಿ ಅಂತಲೂ ಹೇಳಿದೆ. ಅವರ ಟಾರ್ಗೆಟ್ ಮಾರ್ಚ್‌ಗೇ ಮುಗಿಯಬೇಕಂತೆ.