ಫೋನ್ ಹಿಡಿದು ನಮ್ಮೂರು ಹುಡುಕೋಣ: ವಿಜಯಪುರದಲ್ಲಿ ಜಿಯೋಕ್ಯಾಷಿಂಗ್ ಶುರು ಮಾಡುವುದು ಹೇಗೆ?

ವಿಜಯಪುರಕ್ಕೆ ನೆಂಟರು ಬಂದರೆ ಗೋಳಗುಮ್ಮಟಕ್ಕೆ ಕರೆದೊಯ್ಯುತ್ತೇವೆ. ಮೇಲೆ ಹತ್ತಿಸಿ ಪ್ರತಿಧ್ವನಿ ಕೇಳಿಸುತ್ತೇವೆ. ಇಬ್ರಾಹಿಂ ರೋಜಾದ ಮುಂದೆ ಫೋಟೋ ತೆಗೆದು ಮನೆಗೆ ಬರುತ್ತೇವೆ. ಅಲ್ಲಿಗೆ ಊರು ನೋಡಿದ್ದು ಮುಗಿಯಿತು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಯ ಮುಂದೆ ದಿನಾ ಓಡಾಡುತ್ತಾರೆ, ಒಂದು ಸಲವೂ ನಿಂತು ನೋಡಿರುವುದಿಲ್ಲ. ಅಂಥ ಮಕ್ಕಳಿಗೂ ಅವರನ್ನು ಕರೆದೊಯ್ಯುವ ಅಪ್ಪ-ಅಮ್ಮಂದಿರಿಗೂ ಹೇಳಿ ಮಾಡಿಸಿದ ಆಟ ಜಿಯೋಕ್ಯಾಷಿಂಗ್.

ಆಟ ಸರಳ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಆ ಡಬ್ಬಿಗೆ ಕ್ಯಾಶ್ ಅಂತ ಹೆಸರು. ನಾವು ಜಿಪಿಎಸ್ ನೋಡಿಕೊಂಡು ಹುಡುಕಬೇಕು. ಸಿಕ್ಕರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇದ್ದಲ್ಲೇ ಇಡಬೇಕು.

2000ನೇ ಇಸವಿಯವರೆಗೆ ಇದು ಆಗುವ ಮಾತಾಗಿರಲಿಲ್ಲ. ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕು ಮಾಡಿತ್ತು. ನೂರು ಮೀಟರ್ ಆಚೀಚೆ ಆಗುತ್ತಿತ್ತು. 2000ದ ಮೇ 2ರಂದು ಆ ಮಸುಕನ್ನು ತೆಗೆದರು. ಮರುದಿನವೇ ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಎಂಬುವರು ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು, ಜಾಗದ ಅಂಕಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಈಗ ಜಗತ್ತಿನಾದ್ಯಂತ 30 ಲಕ್ಷಕ್ಕೂ ಜಾಸ್ತಿ ಕ್ಯಾಶ್‌ಗಳಿವೆ.

ಖಾತೆ ತೆರೆಯಿರಿ, ನಕ್ಷೆ ನೋಡಿ

ಫೋನಿನಲ್ಲಿ ಜಿಯೋಕ್ಯಾಷಿಂಗ್ ಆಪ್ ಹಾಕಿಕೊಂಡು ಉಚಿತ ಖಾತೆ ತೆರೆಯಿರಿ. ನಿಮ್ಮ ನಿಜವಾದ ಹೆಸರು ಬೇಕಿಲ್ಲ, ಅಡ್ಡಹೆಸರು ಸಾಕು. ಶುರುವಿನಲ್ಲೇ ದುಡ್ಡು ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳಬೇಡಿ. ಉಚಿತ ಖಾತೆಗೆ ಆಪ್ ಎಲ್ಲ ಕ್ಯಾಶ್‌ಗಳನ್ನೂ ತೋರಿಸುವುದಿಲ್ಲ. ಅದೇ ಖಾತೆಯಿಂದ ಬ್ರೌಸರ್‌ನಲ್ಲಿ ವೆಬ್‌ಸೈಟ್ ತೆರೆದರೆ ಇನ್ನಷ್ಟು ಕಾಣುತ್ತವೆ. ಆಂಡ್ರಾಯ್ಡ್ ಫೋನ್ ಇದ್ದವರು ಸಿ:ಜಿಯೋ ಎಂಬ ಉಚಿತ ಆಪ್ ಕೂಡ ಬಳಸಬಹುದು.

ಪ್ರತಿ ಕ್ಯಾಶಿಗೂ ಎರಡು ಅಂಕ ಇರುತ್ತವೆ, 1ರಿಂದ 5ರವರೆಗೆ. ಒಂದು ಹುಡುಕುವ ಕಷ್ಟಕ್ಕೆ, ಇನ್ನೊಂದು ಅಲ್ಲಿಗೆ ಹೋಗುವ ದಾರಿಯ ಕಷ್ಟಕ್ಕೆ. ಮೊದಲ ಸಲಕ್ಕೆ ಎರಡೂ 2ರ ಒಳಗಿರಲಿ. ಗಾತ್ರವನ್ನೂ ನೋಡಿ. ಮೈಕ್ರೋ ಅಂತಿದ್ದರೆ ಹಳೆಯ ಫಿಲ್ಮ್ ರೋಲಿನ ಡಬ್ಬಿಯಷ್ಟೇ. ಮಕ್ಕಳ ಜೊತೆ ಹೋಗುವವರು ಸ್ಮಾಲ್ ಅಥವಾ ರೆಗ್ಯುಲರ್ ಆರಿಸಿಕೊಳ್ಳಿ. ಕೊನೆಗೆ, ಹಿಂದೆ ಹೋದವರು ಬರೆದದ್ದನ್ನು ಓದಿ. ಸಾಲಾಗಿ ನಾಲ್ಕು ಜನ ‘ಸಿಗಲಿಲ್ಲ’ ಎಂದಿದ್ದರೆ ಡಬ್ಬಿ ಅಲ್ಲಿಲ್ಲ ಎಂದೇ ತಿಳಿಯಿರಿ.

ನಕ್ಷೆ ತೆರೆದಾಗ ನಿಮ್ಮ ಊರಿನ ಸುತ್ತ ಖಾಲಿ ಖಾಲಿ ಕಂಡರೆ ಬೇಸರ ಬೇಡ. ಯುರೋಪಿನ ಊರುಗಳಲ್ಲಿರುವಂತೆ ಓಣಿಗೊಂದು ಕ್ಯಾಶ್ ನಮ್ಮ ಕಡೆ ಇಲ್ಲ. ಡಬ್ಬಿ ಇಲ್ಲದೆಯೂ ಈ ಆಟವನ್ನು ಚೆಂದವಾಗಿ ಆಡಬಹುದು. ನಮ್ಮ ಊರುಗಳಿಗೆ ಆ ರೀತಿಯೇ ಹೆಚ್ಚು ಒಪ್ಪುತ್ತದೆ ಅನ್ನುವುದು ನನ್ನ ಅನಿಸಿಕೆ. ಅದಕ್ಕೆ ಮುಂದೆ ಬರುತ್ತೇನೆ.

ಅಂಕಿ ಓದುವುದು ಕಲಿಯಿರಿ

ಹೊಸಬರು ಎಡವುವುದು ಇಲ್ಲೇ. ಗೂಗಲ್ ಮ್ಯಾಪ್ ಗೋಳಗುಮ್ಮಟವನ್ನು ಸುಮಾರು 16.830, 75.736 ಎಂದು ತೋರಿಸುತ್ತದೆ. ಜಿಯೋಕ್ಯಾಷಿಂಗ್‌ನಲ್ಲಿ ಅದೇ ಜಾಗ ಡಿಗ್ರಿ ಮತ್ತು ನಿಮಿಷದ ಲೆಕ್ಕದಲ್ಲಿ ಉತ್ತರ 16° 49.800', ಪೂರ್ವ 75° 44.160' ಆಗುತ್ತದೆ. ಲೆಕ್ಕ ಸುಲಭ. ಚುಕ್ಕಿಯ ನಂತರದ ಭಾಗವನ್ನು 60ರಿಂದ ಗುಣಿಸಿ. 0.830 ಗುಣಿಸು 60 ಅಂದರೆ 49.8. ಅಷ್ಟೇ. ಏಳನೇ ತರಗತಿಯ ಹುಡುಗಿಗೆ ಇದನ್ನು ಒಮ್ಮೆ ತೋರಿಸಿ, ಮುಂದಿನ ಲೆಕ್ಕವನ್ನು ಅವಳೇ ಮಾಡುತ್ತಾಳೆ.

ಹೀಗೆ ನಿಮಿಷದಲ್ಲಿ ಬರೆದಾಗ ಕೊನೆಯ ಅಂಕಿ ಒಂದರಷ್ಟು ಬದಲಾದರೆ ಉತ್ತರ-ದಕ್ಷಿಣಕ್ಕೆ ಸುಮಾರು 1.85 ಮೀಟರ್ ಸರಿದಂತೆ. ಆದರೆ ಬಯಲಿನಲ್ಲಿ, ತಲೆಯ ಮೇಲೆ ತೆರೆದ ಆಕಾಶವಿದ್ದಾಗಲೂ ಫೋನು ಐದು ಮೀಟರಿನಷ್ಟು ಹೆಚ್ಚುಕಡಿಮೆ ತೋರಿಸುತ್ತದೆ. ಎತ್ತರದ ಗೋಡೆಯ ಪಕ್ಕ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಇನ್ನೂ ತಪ್ಪುತ್ತದೆ. ಹಾಗಾಗಿ ಕೊನೆಯ ಹತ್ತು ಮೀಟರಿಗೆ ಬಂದಾಗ ಫೋನನ್ನು ಜೇಬಿಗೆ ಹಾಕಿ. ಬಾಣದ ಗುರುತು ಸುತ್ತಿದ ಕಡೆಗೆಲ್ಲ ಸುತ್ತುತ್ತ ನಿಂತರೆ ತಲೆ ತಿರುಗುತ್ತದೆ ಅಷ್ಟೇ. ‘ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ?’ ಎಂದು ಕೇಳಿಕೊಳ್ಳಿ. ಬೇರೆ ಕಲ್ಲುಗಳಿಗೆ ಪಾಚಿ ಹಿಡಿದು ಒಂದಕ್ಕೆ ಮಾತ್ರ ಇಲ್ಲವೇ? ಒಣಗಿದ ಕಡ್ಡಿಗಳೆಲ್ಲ ಒಂದೇ ಕಡೆ ಮುಖ ಮಾಡಿ ನೀಟಾಗಿ ಕುಂತಿವೆಯೇ? ಅಲ್ಲಿ ಮನುಷ್ಯರ ಕೈ ಆಡಿದೆ.

ಹೊರಡುವ ಮುಂಚೆ

ನವೆಂಬರ್‌ನಿಂದ ಫೆಬ್ರುವರಿವರೆಗೆ ನಮ್ಮ ಕಡೆ ಇದಕ್ಕೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಮಕ್ಕಳನ್ನು ಕರೆದುಕೊಂಡು ಹೊರಡಲೇಬೇಡಿ. ನೀರು, ಟೊಪ್ಪಿಗೆ, ಪೆನ್ನು, ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಒಂದು ಕೋಲು ಕಡ್ಡಾಯ. ಕಲ್ಲಿನ ಸಂದಿಗೆ, ಪೊಟರೆಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಹಾವು, ಚೇಳು ಇರುವ ನೆಲ ಇದು. ಹಳೆಯ ಕಮಾನುಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಹೋಗಬೇಡಿ.

ಫೋನ್ ಒಂದಿದ್ದರೆ ಸಾಕು, ಬೇರೆ ಯಂತ್ರ ಬೇಡ. ಪರದೇಶದಲ್ಲಿರುವ ಅಣ್ಣನೋ ಮಗನೋ ಜಿಪಿಎಸ್ ಸಾಧನ ತಂದುಕೊಡುತ್ತೇನೆ ಎಂದರೆ, ಅದರಲ್ಲಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸೌಲಭ್ಯ ಇದೆಯೇ ಎಂದು ಮೊದಲು ಕೇಳಿ. ಅಂಥದ್ದಕ್ಕೆ ಭಾರತದಲ್ಲಿ ಸರ್ಕಾರದ ಅನುಮತಿ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೊಂದರೆ.

ಕಲ್ಲು ಓದುವ ಕ್ಯಾಶ್

ಡಬ್ಬಿ ಇಲ್ಲದ ಆಟ ಎಂದೆನಲ್ಲ, ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಅರ್ಥ್‌ಕ್ಯಾಶ್. 2004ರಲ್ಲಿ ಶುರುವಾದ ಬಗೆ ಇದು. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿನ ಕಲ್ಲು, ಮಣ್ಣು, ನೀರನ್ನು ನೋಡಿ, ಪ್ರಶ್ನೆಗಳಿಗೆ ಉತ್ತರ ಬರೆದು ಕ್ಯಾಶ್ ಮಾಡಿದವರಿಗೆ ಕಳಿಸಬೇಕು. ಏನನ್ನೂ ಮುಟ್ಟುವುದಿಲ್ಲ, ಏನನ್ನೂ ಇಡುವುದಿಲ್ಲ.

ಇದಕ್ಕೆ ನಮ್ಮಷ್ಟು ಒಳ್ಳೆಯ ನೆಲ ಕಡಿಮೆ. ವಿಜಯಪುರದ ಕೋಟೆ ಗೋಡೆಯ ಹತ್ತಿರ ಹೋಗಿ ಕಪ್ಪು ಕಲ್ಲನ್ನು ಕಣ್ಣಿಗೆ ಹತ್ತಿರ ಮಾಡಿ ನೋಡಿ. ಕೆಲವದರ ಮೈತುಂಬ ಸಾಸಿವೆ, ಜೋಳದ ಕಾಳಿನಷ್ಟು ತೂತುಗಳು. ಕೆಲವು ತೂತುಗಳಲ್ಲಿ ಬಿಳಿ ಹರಳು ತುಂಬಿರುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಆರಿದಾಗ ಒಳಗಿನ ಗಾಳಿಗುಳ್ಳೆ ಹಾಗೇ ಉಳಿದ ಗುರುತು ಅದು. ಆಮೇಲೆ ನೀರಿನ ಜೊತೆ ಬಂದ ಖನಿಜ ಅದರಲ್ಲಿ ಕುಂತಿದೆ. ನಮ್ಮ ಬಿಳಿಜೋಳ ಬೆಳೆಯುವ ಎರೆ ಮಣ್ಣೂ ಇದೇ ಕಲ್ಲು ಕರಗಿ ಆದದ್ದು.

ಇಲ್ಲಿಂದ ಬಾಗಲಕೋಟೆ ಕಡೆ ಹೊರಡಿ. ಕೊಲ್ಹಾರದ ಹತ್ತಿರ ಕೃಷ್ಣೆ ದಾಟುತ್ತೀರಿ (ಕೊಲ್ಹಾರದ ಮೊಸರು ತಿನ್ನದೆ ಮುಂದೆ ಹೋಗಬೇಡಿ). ಮುಂದೆ ಬಾದಾಮಿ ಮುಟ್ಟುವ ಹೊತ್ತಿಗೆ ಕಪ್ಪು ಕಲ್ಲು ಮಾಯವಾಗಿ ಕೆಂಪು ಮರಳುಗಲ್ಲು ಎದ್ದು ನಿಂತಿರುತ್ತದೆ. ಇದು ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯದು. ಅಗಸ್ತ್ಯ ತೀರ್ಥದ ಸುತ್ತಲಿನ ಬಂಡೆಗಳಲ್ಲಿ ಪದರಗಳು ಕೆಲವು ಕಡೆ ಮಟ್ಟಸವಾಗಿವೆ, ಕೆಲವು ಕಡೆ ಓರೆಯಾಗಿವೆ. ನೀರು ಮರಳನ್ನು ತಂದು ಸುರಿದಾಗ ಓರೆ ಪದರ ಬೀಳುತ್ತದೆ. ಅದು ಯಾವ ಕಡೆ ಬಾಗಿದೆ ನೋಡಿದರೆ ನೀರು ಯಾವ ಕಡೆ ಹರಿದಿತ್ತು ಗೊತ್ತಾಗುತ್ತದೆ. ದಿಕ್ಸೂಚಿ ಫೋನಿನಲ್ಲೇ ಇದೆ, ಅಳೆದು ಬರೆದುಕೊಳ್ಳಿ. ಕೈಯಲ್ಲಿ ತಿಂಡಿ ಚೀಲ ಮಾತ್ರ ಬೇಡ, ಮಂಗಗಳು ಬಿಡುವುದಿಲ್ಲ. ಬೆಳಗಾವಿ ಕಡೆಯವರು ಗೋಕಾಕಿಗೆ ಹೋಗಬಹುದು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುವುದು ಇಂಥದ್ದೇ ಮರಳುಗಲ್ಲಿನ ಅಂಚಿನಿಂದ. ಮಳೆಗಾಲದಲ್ಲಿ ಅಂಚಿಗೆ ಹೋಗದೆ ದೂರದಿಂದ ನೋಡಿ.

ನಿಮ್ಮದೇ ಒಂದು ದಾರಿ ಮಾಡಿ

ವೆಬ್‌ಸೈಟಿನ ಗೊಡವೆಯೇ ಇಲ್ಲದೆ ಮನೆಮಂದಿಗೋ ಶಾಲೆಯ ಮಕ್ಕಳಿಗೋ ನೀವೇ ಒಂದು ಹುಡುಕಾಟ ಮಾಡಬಹುದು. ಬಾರಾ ಕಮಾನ್, ಗಗನ ಮಹಲ್, ಉಪ್ಪಲಿ ಬುರುಜು, ಮಲಿಕ್ ಮೈದಾನ್ ತೋಪು (ಫಿರಂಗಿ), ತಾಜ್ ಬಾವಡಿ. ಎಲ್ಲವೂ ಊರೊಳಗೇ ಇವೆ. ಒಂದು ಭಾನುವಾರ ಬೆಳಿಗ್ಗೆ ಸಾಕು.

ಮೊದಲು ನೀವೊಬ್ಬರೇ ಹೋಗಿ ಪ್ರತಿ ಜಾಗದ ಅಂಕಿ ಬರೆದುಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ಜಾಗದ ಮೇಲೆ ಬೆರಳೊತ್ತಿ ಹಿಡಿದರೆ ಅಂಕಿ ಬರುತ್ತದೆ. ಆಮೇಲೆ ಪ್ರತಿ ಜಾಗಕ್ಕೆ ಒಂದು ಪ್ರಶ್ನೆ ಮಾಡಿ. ಪ್ರಶ್ನೆ ಹೇಗಿರಬೇಕೆಂದರೆ, ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗಬಾರದು, ನಿಂತು ನೋಡಿದರೆ ಮಾತ್ರ ಸಿಗಬೇಕು. ‘ತೋಪನ್ನು ಯಾವ ವರ್ಷ ಎರಕ ಹೊಯ್ದರು?’ ಅನ್ನುವುದು ಕೆಟ್ಟ ಪ್ರಶ್ನೆ. 1549 ಎಂದು ಮನೆಯಲ್ಲೇ ಕುಂತು ಹೇಳಬಹುದು. ‘ತೋಪಿನ ಬಾಯಿ ಸಿಂಹದ ಮುಖ, ಅದರ ಹಲ್ಲಿನ ನಡುವೆ ಸಿಕ್ಕಿಬಿದ್ದ ಪ್ರಾಣಿಯ ಕಣ್ಣು ಹೇಗಿದೆ, ಚಿತ್ರ ಬರೆ’ ಅನ್ನಿ. ಮಕ್ಕಳು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ಉಪ್ಪಲಿ ಬುರುಜಿನಲ್ಲಿ ಹೊರಗಿನಿಂದ ಸುತ್ತಿ ಹತ್ತುವ ಮೆಟ್ಟಿಲನ್ನು ಎಣಿಸಲು ಹೇಳಿ. ಆ ಸಂಖ್ಯೆಯನ್ನು ಮುಂದಿನ ಜಾಗದ ಅಂಕಿಯೊಳಗೆ ಸೇರಿಸಿ. ಎಣಿಕೆ ತಪ್ಪಿದರೆ ಬೇರೆ ಓಣಿಗೆ ಹೋಗಿ ನಿಲ್ಲುತ್ತಾರೆ, ವಾಪಸ್ ಬಂದು ಮತ್ತೆ ಎಣಿಸುತ್ತಾರೆ. ಆಟದ ಮಜಾ ಇರುವುದೇ ಅಲ್ಲಿ. ಬಾವಡಿಗಳ ಹತ್ತಿರ ಮಾತ್ರ ದೊಡ್ಡವರೊಬ್ಬರು ಜೊತೆಗಿರಲೇಬೇಕು.

ಹೀಗೆ ಗೋಡೆ ನೋಡುತ್ತ, ಕಲ್ಲು ಎಣಿಸುತ್ತ ನಿಂತರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಏನ್ ಹುಡುಕಾಕತ್ತೀರ್ರಿ?’ ಮುಚ್ಚಿಡಬೇಡಿ. ‘ಇದೊಂದು ಆಟರೀ ಕಾಕಾ’ ಎಂದು ಫೋನ್ ತೋರಿಸಿ. ಓಣಿಯ ಹಿರಿಯರಿಗೆ ಗೊತ್ತಿರುವ ಬಾವಡಿ, ಸುರಂಗದ ನೀರಿನ ದಾರಿಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಡಬ್ಬಿ ಇಡಬೇಕೆಂದರೆ

ಕೆಲವು ಕ್ಯಾಶ್ ಹುಡುಕಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ. ನಿಯಮಗಳು ಬಿಗಿಯಾಗಿವೆ, ಬಿಗಿಯಾಗಿರುವುದು ಸರಿಯೇ. ಜಾಗದವರ ಒಪ್ಪಿಗೆ ಬೇಕು. ನೆಲ ಅಗೆದು ಹೂಳುವಂತಿಲ್ಲ. ಇನ್ನೊಂದು ಡಬ್ಬಿಗೂ ನಿಮ್ಮದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು. ತಿನ್ನುವ ವಸ್ತು ಇಡಬಾರದು, ಇರುವೆ, ನಾಯಿ ಎಲ್ಲ ಬರುತ್ತವೆ.

ನಮ್ಮಲ್ಲಿ ಇನ್ನೂ ಎರಡು ವಿಷಯ ಗಟ್ಟಿಯಾಗಿ ಹೇಳಬೇಕು. ಸ್ಮಾರಕದ ಗೋಡೆ, ಗೂಡು, ಬಿರುಕಿನಲ್ಲಿ ಡಬ್ಬಿ ತುರುಕಲೇಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಹುಡುಕಲು ಬಂದವರೆಲ್ಲ ಒಂದೊಂದು ಕಲ್ಲು ಅಲುಗಾಡಿಸಿದರೆ ಗೋಡೆ ಉಳಿಯುತ್ತದೆಯೇ? ಎರಡನೆಯದು, ಬಸ್ ನಿಲ್ದಾಣ, ರೈಲು ನಿಲ್ದಾಣ, ಆಲಮಟ್ಟಿ ಅಣೆಕಟ್ಟಿನಂಥ ಕಡೆ ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಪೊಲೀಸರಿಗೆ ಫೋನ್ ಮಾಡುತ್ತಾರೆ. ಮಾಡಲೇಬೇಕು. ಅಲ್ಲಿ ಬೇಡ.

ಹಾಗಾದರೆ ಎಲ್ಲಿ? ಪರಿಚಯದವರ ತೋಟದ ಬೇಲಿ, ಒಪ್ಪಿಗೆ ಕೊಟ್ಟ ಗ್ರಂಥಾಲಯದ ಅಂಗಳ, ನಿಮ್ಮದೇ ಅಂಗಡಿಯ ಹೊರಗಿನ ಕಟ್ಟೆ. ಒಳಗಿರುವುದು ಕಾಣುವಂಥ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ ಆಗಬಹುದು. ‘ಇದು ಆಟದ ಡಬ್ಬಿ, ದಯವಿಟ್ಟು ಇಲ್ಲೇ ಬಿಡಿ’ ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ. ಪುಸ್ತಕವನ್ನು ಜಿಪ್ ಇರುವ ಚೀಲದಲ್ಲಿ ಹಾಕಿ, ಇಲ್ಲದಿದ್ದರೆ ಮೊದಲ ಮಳೆಗೇ ಮುದ್ದೆಯಾಗುತ್ತದೆ. ಜಾಗದ ಅಂಕಿಯನ್ನು ಒಂದೇ ಸಲ ತೆಗೆದುಕೊಳ್ಳದೆ ಬೇರೆ ಬೇರೆ ದಿನ ಹೋಗಿ ಅಳೆದು ಸರಾಸರಿ ಮಾಡಿ. ಇಷ್ಟಾದ ಮೇಲೆ ವೆಬ್‌ಸೈಟಿನಲ್ಲಿ ವಿವರ ತುಂಬಿ ಕಳಿಸಿದರೆ, ಅಲ್ಲಿನ ಸ್ವಯಂಸೇವಕರು ಪರಿಶೀಲಿಸಿ, ಎಲ್ಲ ಸರಿ ಇದ್ದರೆ ಪ್ರಕಟಿಸುತ್ತಾರೆ. ವಿವರವನ್ನು ಇಂಗ್ಲಿಷ್ ಜೊತೆ ಕನ್ನಡದಲ್ಲೂ ಬರೆಯಿರಿ. ಪ್ರಕಟವಾದ ಮೇಲೆ ಡಬ್ಬಿಯ ಜವಾಬ್ದಾರಿ ನಿಮ್ಮದೇ. ನೀರು ನುಗ್ಗಿದೆ, ಪುಸ್ತಕ ತುಂಬಿದೆ ಎಂದು ಯಾರಾದರೂ ಬರೆದರೆ ಹೋಗಿ ಸರಿಪಡಿಸಬೇಕು. ಅಷ್ಟು ಹೊತ್ತು ಇಲ್ಲದವರು ಡಬ್ಬಿ ಇಡದೆ, ಬೇರೆಯವರು ಇಟ್ಟದ್ದನ್ನು ಹುಡುಕಿದರೂ ಸಾಕು.