ಬಿಲ್ ಪಾಸು ಮಾಡುತ್ತಿದ್ದವನು ಬಿಲ್ ಕಳಿಸಿದಾಗ

ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ 11 ವರ್ಷ ಕೆಲಸ ಮಾಡಿದೆ. ಹೊರಗಿನವರ ಬಿಲ್ಲುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ದುಡ್ಡು ಕೇಳಿ ಫೋನ್ ಮಾಡಿದವರಿಗೆ ನನ್ನದೊಂದು ಖಾಯಂ ಉತ್ತರವಿತ್ತು: "ಸಾಹೇಬರ ಸಹಿ ಆಗಬೇಕು, ಮುಂದಿನ ವಾರ ನೋಡೋಣ." 2022ರ ಮಾರ್ಚ್‌ನಲ್ಲಿ ಆ ಕೆಲಸ ಬಿಟ್ಟೆ. ಬರವಣಿಗೆಯನ್ನೇ ನಂಬಿ ಕೂತೆ. ಮೂರೇ ತಿಂಗಳಲ್ಲಿ ಅದೇ ಮಾತು ನನ್ನ ಕಿವಿಗೂ ಬಿತ್ತು.

ಬರವಣಿಗೆ ಅಂದರೆ ಕಥೆ, ಕಾದಂಬರಿ ಅಂದುಕೊಳ್ಳಬೇಡಿ. ಕನ್ನಡದಲ್ಲಿ ಅದೊಂದರಿಂದಲೇ ಮನೆ ನಡೆಸುವುದು ಕಷ್ಟ. ನಾನು ಬರೆಯುವುದು ಆ್ಯಪ್‌ಗಳಿಗೆ ಕನ್ನಡ, ಬ್ಯಾಂಕಿನ ಕರಪತ್ರ, ಮಕ್ಕಳ ವಿಡಿಯೊ ಪಾಠ, ರೇಡಿಯೊ ಜಾಹೀರಾತು. ಅರ್ಧಕ್ಕಿಂತ ಜಾಸ್ತಿ ಅನುವಾದವೇ. ಕಥೆ ಭಾನುವಾರಕ್ಕೆ, ಅದೂ ಮನಸ್ಸಾದರೆ.

ಏಕ್‌ದಮ್ ಬಿಟ್ಟು ಬಂದವನಲ್ಲ ನಾನು. ಅದಕ್ಕೂ ಮುಂಚೆ ಎರಡು ವರ್ಷ, ಬೆಳಿಗ್ಗೆ 5ರಿಂದ 7ರವರೆಗೆ ಇದೇ ಕೆಲಸ ಮಾಡಿ ಆಮೇಲೆ ಬಸ್ ಹಿಡಿಯುತ್ತಿದ್ದೆ. ಹೆಂಡತಿ ಎರಡು ಷರತ್ತು ಹಾಕಿದ್ದಳು. ಬೆಳಗಿನ ದುಡಿಮೆ ಸತತ ಆರು ತಿಂಗಳು ಸಂಬಳದ ಅರ್ಧ ಮುಟ್ಟಬೇಕು. ಎಂಟು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಬೇಕು, ಪಿಎಫ್ ದುಡ್ಡು ಲೆಕ್ಕಕ್ಕಿಲ್ಲ. ಅಪ್ಪನ ಚಿಂತೆಯೇ ಬೇರೆ. "ನೆಂಟರು ಕೇಳಿದ್ರೆ ನನ್ ಮಗ ಏನ್ ಮಾಡ್ತಾನೆ ಅಂತ ಹೇಳ್ಲೋ?" ಅಂದರು. ಈಗಲೂ "ಕಂಪ್ಯೂಟರ್ ಕೆಲಸ" ಅಂತಲೇ ಹೇಳುತ್ತಾರೆ. ಸುಳ್ಳೇನಲ್ಲ ಬಿಡಿ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಅವರ ಆಸ್ಪತ್ರೆ ಖರ್ಚು ಕಂಪನಿಯ ಗುಂಪು ವಿಮೆಯಲ್ಲಿ ನಡೆಯುತ್ತಿತ್ತು. ಕೆಲಸ ಬಿಟ್ಟ ದಿನವೇ ಅದು ಮುಗಿಯುತ್ತದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲಿನಿಂದ ಇರುವ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ರಾಜೀನಾಮೆಗೆ ಎರಡು ತಿಂಗಳು ಮುಂಚೆಯೇ ಅದೇ ವಿಮಾ ಕಂಪನಿಗೆ ಅರ್ಜಿ ಹಾಕಿ, ಗುಂಪಿನಿಂದ ಮನೆಯ ಪಾಲಿಸಿಗೆ ಬದಲಾಯಿಸಿಕೊಂಡೆ. ಹಳೆಯ ವರ್ಷಗಳು ಲೆಕ್ಕಕ್ಕೆ ಬಂದವು. ಪ್ರೀಮಿಯಂ ನೋಡಿ ಒಂದು ರಾತ್ರಿ ನಿದ್ದೆ ಬರಲಿಲ್ಲ, ಆದರೂ ಕಟ್ಟಿದೆ.

ಇಷ್ಟೆಲ್ಲ ಲೆಕ್ಕ ಹಾಕಿದವನು ಎಡವಿದ್ದು ಪದಗಳ ಲೆಕ್ಕದಲ್ಲಿ.

ಅನುವಾದಕ್ಕೆ ಪದಕ್ಕಿಷ್ಟು ಅಂತ ದರ. ಮೊದಲ ದೊಡ್ಡ ಕೆಲಸಕ್ಕೆ ಒಂದು ಪದಕ್ಕೆ ಒಂದು ರೂಪಾಯಿ ಅಂತ ಒಪ್ಪಿಕೊಂಡೆ. ಯಾವ ಭಾಷೆಯ ಪದ ಅಂತ ಕೇಳಲೇ ಇಲ್ಲ. ಇಂಗ್ಲಿಷಿನಲ್ಲಿ 'ಫ್ರಮ್ ಇನ್‌ಸೈಡ್ ದ ಹೌಸ್' ಅಂದರೆ ನಾಲ್ಕು ಪದ. ಕನ್ನಡದಲ್ಲಿ 'ಮನೆಯೊಳಗಿಂದ', ಒಂದೇ. ನಮ್ಮ ಭಾಷೆ ಪ್ರತ್ಯಯಗಳನ್ನೆಲ್ಲ ಬಾಲದ ಹಾಗೆ ಅಂಟಿಸಿಕೊಂಡು ಹೋಗುತ್ತದಲ್ವಾ? ನನ್ನ ಫೈಲುಗಳಲ್ಲಿ 1000 ಇಂಗ್ಲಿಷ್ ಪದಗಳು ಕನ್ನಡಕ್ಕೆ ಬಂದಾಗ 700ರ ಆಸುಪಾಸಿಗೆ ಇಳಿಯುತ್ತವೆ. ಕೆಲಸ ಕೊಟ್ಟವರು ಕನ್ನಡದ ಪದ ಎಣಿಸಿ ದುಡ್ಡು ಕೊಟ್ಟರು. 20,000 ಪದ ಅಂದುಕೊಂಡು ಮಾಡಿದ ಕೆಲಸಕ್ಕೆ ಬಂದಿದ್ದು 14,000 ರೂಪಾಯಿ ಚಿಲ್ಲರೆ. ಅದರಲ್ಲೂ 10% ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದರು. ತಮಾಷೆ ಅಂದರೆ, ನಾನು ಚೆನ್ನಾಗಿ ಬರೆದಷ್ಟೂ ಪದ ಕಡಿಮೆ. 'ಮಾಡಲ್ಪಟ್ಟಿರುತ್ತದೆ ಎಂಬುದನ್ನು ಈ ಮೂಲಕ ತಿಳಿಸಲಾಗಿದೆ' ಅಂತ ಎಳೆದಿದ್ದರೆ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು! ಅವತ್ತಿನಿಂದ ದರ ಹೇಳುವಾಗಲೇ 'ಮೂಲ ಪ್ರತಿಯ ಪದಗಳಿಗೆ' ಅಂತ ಬರೆದು ಕಳಿಸುತ್ತೇನೆ. ಜಾಹೀರಾತಿನ ಸಾಲುಗಳಿಗಂತೂ ಪದದ ಲೆಕ್ಕವೇ ಇಲ್ಲ, ಇಡೀ ಕೆಲಸಕ್ಕೆ ಇಷ್ಟು ಅಂತ. ಐದು ಪದದ ಒಂದು ಸಾಲಿಗೆ ಎರಡು ದಿನ ಹಿಡಿಯುವುದೂ ಉಂಟು.

ಯುನಿಕೋಡ್‌ನಲ್ಲಿ ಕಳಿಸಿದ್ದನ್ನು ಪ್ರೆಸ್‌ನವರು 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಕೇಳುವುದು ಇನ್ನೊಂದು ಕಾಟ. ಪರಿವರ್ತನೆ ಮಾಡಿದಾಗ ಎಲ್ಲೋ ಒಂದು ಒತ್ತಕ್ಷರ ಹಾರಿಹೋಗಿರುತ್ತದೆ. ಮತ್ತೆ ಸಾಲು ಸಾಲಾಗಿ ಓದಬೇಕು. ಈಗ ಅದಕ್ಕೂ ದರ ಇಟ್ಟಿದ್ದೇನೆ.

ಅಕೌಂಟ್ಸ್‌ನವನಾಗಿದ್ದೂ ಮೊದಲ ವರ್ಷ ಮುಂಗಡ ತೆರಿಗೆ ಮರೆತೆ. 11 ವರ್ಷ ಸಂಬಳದಲ್ಲೇ ಹಿಡಿದುಕೊಳ್ಳುತ್ತಿದ್ದರು, ಅಭ್ಯಾಸ. ಟಿಡಿಎಸ್ ಹೋಗಿಯೂ ಕಟ್ಟಬೇಕಾದ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ನ 15ರೊಳಗೆ ನಾಲ್ಕು ಕಂತು. ತಪ್ಪಿದ್ದಕ್ಕೆ ಬಡ್ಡಿ ಕಟ್ಟಿದೆ. ಹೆಂಡತಿ ಏನೂ ಅನ್ನಲಿಲ್ಲ, ಸುಮ್ನೆ ನಕ್ಕಳು.

ಹಳೆಯ ಕೆಲಸ ಕೈಹಿಡಿದದ್ದು ವಸೂಲಿಯಲ್ಲಿ. ಬಿಲ್ ಯಾಕೆ ತಡವಾಗುತ್ತದೆ ಅಂತ ನನಗೆ ಗೊತ್ತಿತ್ತಲ್ಲ! ಎಷ್ಟೋ ಸಲ ಅದರಲ್ಲಿ ದುರುದ್ದೇಶವೇ ಇರುವುದಿಲ್ಲ. ಆರ್ಡರ್ ನಂಬರ್ ಇಲ್ಲದ ಬಿಲ್ ಕಟ್ಟಿನ ಅಡಿಗೆ ಹೋಗುತ್ತದೆ. 25ನೇ ತಾರೀಕಿನ ಮೇಲೆ ಬಂದಿದ್ದನ್ನು ಮುಂದಿನ ತಿಂಗಳಿಗೆ ತಳ್ಳುತ್ತಿದ್ದೆವು. ಹಾಗಾಗಿ ನನ್ನ ಬಿಲ್ಲುಗಳು 20ರೊಳಗೆ ಹೋಗುತ್ತವೆ. ಆರ್ಡರ್ ನಂಬರ್, ಪ್ಯಾನ್, ಬ್ಯಾಂಕ್ ವಿವರ ಎಲ್ಲ ಒಂದೇ ಹಾಳೆಯಲ್ಲಿ.

ಜೊತೆಗೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದೆ. ಆನ್‌ಲೈನ್, ಖರ್ಚಿಲ್ಲ. ಏಜೆಂಟರು ದುಡ್ಡು ಕೇಳಿದರೆ ಕೊಡಬೇಡಿ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಬರವಣಿಗೆಯಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಈ ಕಾನೂನು 2006ರದ್ದು, ಆದರೆ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. 2023-24ರಿಂದ ಆದಾಯ ತೆರಿಗೆಯವರು ಒಂದು ಗಂಟು ಹಾಕಿದ್ದಾರೆ. ಗಡುವು ಮೀರಿ, ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ ಕಂಪನಿ ಆ ವರ್ಷದ ಖರ್ಚಿನಲ್ಲಿ ಅದನ್ನು ತೋರಿಸುವ ಹಾಗಿಲ್ಲ, ತೆರಿಗೆ ಜಾಸ್ತಿ ಬೀಳುತ್ತದೆ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಹಾಕತೊಡಗಿದ ಮೇಲೆ, ಫೆಬ್ರವರಿಯಲ್ಲಿ ಕಂಪನಿಯವರೇ ಫೋನ್ ಮಾಡಿ "ಸರ್, ನಿಮ್ಮದೇನಾದ್ರೂ ಬಾಕಿ ಇದೆಯಾ?" ಅಂತ ಕೇಳಿದ್ದುಂಟು.

ಎಲ್ಲ ಕಡೆ ಹೀಗಿಲ್ಲ. ಮೊನ್ನೆ ಒಂದು ಕಡೆ ಬಾಕಿ ಕೇಳಿದೆ. ಹೊಸ ಹುಡುಗಿಯ ದನಿ. "ಸಾಹೇಬರ ಸಹಿ ಆಗಬೇಕು ಸರ್, ಮುಂದಿನ ವಾರ..." ಅಂದಳು. "ಫೈಲ್ ಸಾಹೇಬರ ರೂಮಿಗೆ ಹೋಗಿದೆಯೇನಮ್ಮಾ, ಇಲ್ಲಾ ಇನ್ನೂ ನಿಮ್ಮ ಮೇಜಿನ ಮೇಲೇ ಇದೆಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಕಾಗದ ಸರಿಸುವ ಸದ್ದು ಕೇಳಿಸಿತು.

"ಇಲ್ಲೇ ಇದೆ ಸರ್" ಅಂದಳು.