ಓದಿಗೆ ಕೂರುವ ಮುಂಚೆ ಅರ್ಧ ಗಂಟೆ ನಡಿಗೆ

ಪರೀಕ್ಷೆ ಹತ್ತಿರ ಬಂತೆಂದರೆ ಹಾಸ್ಟೆಲ್‌ಗಳಲ್ಲಿ ಮೊದಲು ನಿಲ್ಲುವುದು ಆಟ ಮತ್ತು ನಡಿಗೆ. ಇದು ತಪ್ಪು ಲೆಕ್ಕ. ಒಂದು ಸಲದ ಚುರುಕು ನಡಿಗೆಯಿಂದಲೂ ಆಮೇಲೆ ಸ್ವಲ್ಪ ಹೊತ್ತು ಗಮನ ಹಿಡಿತಕ್ಕೆ ಬರುತ್ತದೆ. ವಾರಗಟ್ಟಲೆ ರೂಢಿಯಾದರೆ ನಿದ್ದೆ ಸುಧಾರಿಸುತ್ತದೆ, ಆತಂಕ ತಗ್ಗುತ್ತದೆ. ಅಂಕಗಳ ಮೇಲೆ ನೇರ ಪರಿಣಾಮ ಸಣ್ಣದೇ. ಓದದೆ ಓಡಿದವರು ಪಾಸಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲದ ವ್ಯಾಯಾಮ. ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬೀಳಬೇಕು. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. 400 ಮೀಟರ್ ಟ್ರ್ಯಾಕ್ ಸಿಕ್ಕರೆ ಅರ್ಧ ಗಂಟೆಗೆ ಐದಾರು ಸುತ್ತು. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕ್ಯಾಂಪಸ್‌ನ ಒಳರಸ್ತೆಗಳೇ ಸಾಕು.

ಸಮಯ ಮುಖ್ಯ. ಅತಿ ಕಷ್ಟದ ವಿಷಯ ಹಿಡಿಯುವ ಮುಂಚೆ ನಡೆಯಿರಿ, ಮುಖ ತೊಳೆದು ನೀರು ಕುಡಿದು ಕೂಡಲೇ ಓದಿಗೆ ಕುಳಿತುಕೊಳ್ಳಿ. ನಡುವೆ ಮೊಬೈಲ್ ಹಿಡಿದರೆ ಆ ಚುರುಕು ಅಲ್ಲೇ ಹೋಯಿತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುವವರು ಒಂದು ಬಾಳೆಹಣ್ಣು ತಿಂದು ಹೊರಡಲಿ. ಅಕ್ಕಿರೊಟ್ಟಿ, ಕಡುಬು ಹೊಟ್ಟೆತುಂಬ ತಿಂದಿದ್ದರೆ ಒಂದೂವರೆ ಗಂಟೆ ಬಿಡಿ. ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಜೋರು ವ್ಯಾಯಾಮ ಬೇಡ.

ನಿಜವಾದ ತೊಡಕು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಜಡಿಮಳೆ ಹಿಡಿದರೆ ವಾರಗಟ್ಟಲೆ ಹೊರಗೆ ಕಾಲಿಡಲಾಗದು, ಬಿಟ್ಟ ರೂಢಿ ಮತ್ತೆ ಹತ್ತುವುದು ಕಷ್ಟ. ಅದಕ್ಕೆ ಕೋಣೆಯೊಳಗಿನ ಕ್ರಮ ಮೊದಲೇ ಗೊತ್ತಿರಲಿ: ಎರಡು ನಿಮಿಷ ಮೆಟ್ಟಿಲು ಹತ್ತಿಳಿಯಿರಿ, 12 ಬಸ್ಕಿ, 8 ದಂಡ, ಒಂದು ನಿಮಿಷ ನಿಂತಲ್ಲೇ ಓಟ, ಒಂದು ನಿಮಿಷ ವಿಶ್ರಾಂತಿ. ಇಂಥ ನಾಲ್ಕು ಸುತ್ತಿಗೆ ಹತ್ತಿರ ಹತ್ತಿರ 20 ನಿಮಿಷ. ನೆಲದ ಮೇಲೆ ದಂಡ ಬಾರದವರು ಗೋಡೆಗೆ ಕೈ ಊರಿ ಮಾಡಲಿ. ಬಸ್ಕಿಯಲ್ಲಿ ಹಿಮ್ಮಡಿ ನೆಲ ಬಿಡಬಾರದು. ಮಳೆಗಾಲದ ಮೆಟ್ಟಿಲು ಜಾರುತ್ತದೆ. ಹವಾಯಿ ಚಪ್ಪಲಿಯಲ್ಲಿ ಹತ್ತಬೇಡಿ, ಇಳಿಯುವಾಗ ಕಂಬಿ ಹಿಡಿಯಿರಿ. ನೆನೆದ ಶೂ ಒಳಗೆ ಹಳೆ ಪೇಪರ್ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಒದ್ದೆ ಸಾಕ್ಸ್‌ನಲ್ಲೇ ದಿನ ಕಳೆದರೆ ಬೆರಳ ಸಂದಿಯಲ್ಲಿ ಹುಣ್ಣು ಏಳುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಕಾಡಿನಂಚಿನ ದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ನಡೆಯಿರಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾಗಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣುಗಿನಿಂದ. ಮಂಗ ಸತ್ತ ಸುದ್ದಿ ಇದ್ದ ಕಡೆ ಕಾಲಿಡಲೇಬೇಡಿ.

ಹೆಚ್ಚಿನವರು ಕೈಬಿಡುವುದು ಮೊದಲ ವಾರದಲ್ಲಿ, ಕಾರಣ ಅತಿ ಉತ್ಸಾಹ. ಮೊದಲ ದಿನವೇ 100 ಬಸ್ಕಿ ಹೊಡೆದರೆ ಎರಡನೇ, ಮೂರನೇ ದಿನ ತೊಡೆ ಹಿಡಿದು ಮೆಟ್ಟಿಲು ಇಳಿಯಲಾಗದು. ದಿನಕ್ಕೆ 10 ನಿಮಿಷದಿಂದ ಶುರುಮಾಡಿ, ವಾರಕ್ಕೆ 5 ನಿಮಿಷ ಏರಿಸಿ. ಐದನೇ ವಾರಕ್ಕೆ 30 ತಲುಪುತ್ತೀರಿ. ಎದೆನೋವು ಬಂದರೆ, ಉಬ್ಬಸ ಇದ್ದರೆ ಮೊದಲು ವೈದ್ಯರನ್ನು ಕಾಣಿ. ಪರೀಕ್ಷೆಯ ವಾರದಲ್ಲಿ ಅರ್ಧ ಗಂಟೆ ಸಿಗದಿದ್ದರೆ ಹತ್ತು ನಿಮಿಷದಂತೆ ಮೂರು ಸಲ ನಡೆಯಿರಿ. ಬಲದ ವ್ಯಾಯಾಮ ಆ ವಾರ ಬಿಟ್ಟರೂ ನಡೆಯುತ್ತದೆ, ನಿದ್ದೆ ಮಾತ್ರ ಬಿಡಬೇಡಿ.